ಗಾಲಿ ಕಳಚಿದ ಬ್ಯಾಗಿಗೆ ವಾರಂಟಿ ಗಿಟ್ಟಿಸುವ ದಾರಿ

ಮಕ್ಕಳನ್ನು ಪುಣೆ, ಬೆಂಗಳೂರಿನ ನೌಕರಿಗೆ ಕಳಿಸುವ ನಮ್ಮ ಭಾಗದ ಮನೆಗಳಲ್ಲಿ ಟ್ರಾಲಿ ಬ್ಯಾಗಿನೊಳಗೆ ಬಟ್ಟೆಗಿಂತ ಹೆಚ್ಚು ತೂಗುವುದು ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ ಮತ್ತು ತುಪ್ಪದ ಡಬ್ಬಿ. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಬೋಗಿ ಕೊನೆಯಲ್ಲಿ ನಿಂತರೆ ಆ ಭಾರವನ್ನೆಲ್ಲ ಹೊತ್ತು ಉರುಳಬೇಕಾದವು ಅಂಗೈಗಿಂತ ಚಿಕ್ಕ ಗಾಲಿಗಳು. ವರ್ಷ ತುಂಬುವುದರೊಳಗೆ ಒಂದು ಗಾಲಿ ಕಳಚುತ್ತದೆ. ಅಂಗಡಿಯವರು ಕಂಪನಿಯತ್ತ ಕೈ ತೋರಿಸುತ್ತಾರೆ, ಕಂಪನಿ ‘ಇದು ಸಹಜ ಸವೆತ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತದೆ. ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. ಆದರೆ ಗಟ್ಟಿಯಾಗಿ ಕೂಗಾಡಿದವರಿಗಿಂತ ಕಾಗದಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವರಿಗೆ ವಾರಂಟಿ ಬೇಗ ಸಿಗುತ್ತದೆ. ಹಾಗಾಗಿ ಈ ಕೆಲಸ ಬ್ಯಾಗ್ ಕೊಳ್ಳುವ ದಿನವೇ ಶುರುವಾಗುತ್ತದೆ.

ಅಂಗಡಿಯಲ್ಲಿ

ಕೊಪ್ಪೀಕರ್ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಷ್ ರಸ್ತೆಯಲ್ಲಾಗಲಿ ಮೊದಲು ತೋರಿಸುವುದು ಬಣ್ಣ, ಆಮೇಲೆ ರಿಯಾಯಿತಿ. ನೀವು ಬ್ಯಾಗನ್ನು ತಲೆಕೆಳಗು ಮಾಡಿ ಗಾಲಿಯಿಂದ ನೋಡಲು ಆರಂಭಿಸಿ. ನಾಲ್ಕು ಕಡೆಗೂ ತಿರುಗುವ ಗಾಲಿಗಳು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಚೆನ್ನ. ಬ್ಯಾಗಿನ ತಳದಿಂದ ಹೊರಗೆ ಚಾಚಿಕೊಂಡಿರುವುದರಿಂದ ಪೆಟ್ಟು ಮೊದಲು ಬೀಳುವುದೂ ಅವಕ್ಕೇ. ತಳದ ಗೂಡಿನೊಳಗೆ ಅರ್ಧ ಹುದುಗಿರುವ ಎರಡೇ ಗಾಲಿಗಳ ಬ್ಯಾಗ್ ನಮ್ಮ ರಸ್ತೆ, ಬಸ್ ನಿಲ್ದಾಣಗಳಿಗೆ ಹೆಚ್ಚು ಬಾಳುತ್ತದೆ. ಈಗ ಅದನ್ನು ಹಳೆಯ ಕಾಲದ್ದೆಂದು ಮೂಲೆಗೆ ಸರಿಸಿರುತ್ತಾರೆ, ಕೇಳಿ ತೆಗೆಸಬೇಕು.

ನಂತರ ಒಳಗಿನ ಅಸ್ತರ ನೋಡಿ. ಅಸ್ತರಕ್ಕೂ ಒಂದು ಜಿಪ್ ಇದ್ದು, ಅದನ್ನು ತೆರೆದರೆ ಗಾಲಿ ಮತ್ತು ಹಿಡಿಕೆಯ ತಿರುಪುಗಳು ಕಾಣುವಂತಿದ್ದರೆ ಆ ಬ್ಯಾಗನ್ನು ರಿಪೇರಿ ಮಾಡಲು ಬರುತ್ತದೆ ಎಂದು ತಿಳಿಯಿರಿ. ತಿರುಪಿನ ಬದಲು ರಿವೆಟ್ ಹೊಡೆದು ಅಸ್ತರವನ್ನು ಅಂಟಿಸಿಬಿಟ್ಟಿದ್ದರೆ ಗಾಲಿ ಬದಲಿಸುವುದು ಪಡಿಪಾಟಲು. ನನ್ನ ಮಟ್ಟಿಗೆ ಬ್ರ್ಯಾಂಡಿನ ಹೆಸರಿಗಿಂತ ಇದು ಮುಖ್ಯ.

ಗಟ್ಟಿ ಕವಚದ ಬ್ಯಾಗುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪ್ಲಾಸ್ಟಿಕ್ ಇರುತ್ತದೆ. ಎಬಿಎಸ್ ಅಗ್ಗ, ಗಡುಸು. ಬಲವಾದ ಪೆಟ್ಟಿಗೆ ಸೀಳುತ್ತದೆ, ಬಗ್ಗಿಸಿದ ಕಡೆ ಬಿಳಿಯ ಗೆರೆ ಮೂಡುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ಬಿದ್ದರೆ ಒಳಗೆ ತಗ್ಗಿ ಮತ್ತೆ ಎದ್ದು ನಿಲ್ಲುತ್ತದೆ, ಬೆಲೆಯೂ ಜಾಸ್ತಿ. ಪಾಲಿಪ್ರೊಪಿಲೀನ್ ಹಗುರ, ಬಳುಕುವಂಥದ್ದು. ಒಳಗಿನ ಚೀಟಿಯಲ್ಲಿ ಯಾವುದೆಂದು ಬರೆದಿದೆಯೋ ಓದಿ. ‘ಪಾಲಿಕಾರ್ಬೊನೇಟ್’ ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲಿ ಎಬಿಎಸ್ ಮಿಶ್ರಣ ಎಂದು ಇರುವುದುಂಟು. ಬಟ್ಟೆಯ ಬ್ಯಾಗಾದರೆ ‘600 ಡಿ’, ‘1680 ಡಿ’ ಎಂಬ ಅಂಕಿಗಳು ಕಾಣುತ್ತವೆ. ಅದು ನೂಲಿನ ದಪ್ಪದ ಅಳತೆ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ದೊಡ್ಡದಿದ್ದರೆ ಬಟ್ಟೆ ದಪ್ಪ. ಆದರೆ ಹೊಲಿಗೆ ಸಡಿಲವಿದ್ದರೆ ಎಷ್ಟು ದಪ್ಪವಿದ್ದೂ ಪ್ರಯೋಜನವಿಲ್ಲ. ಮೂಲೆಗಳಲ್ಲಿ ಮತ್ತು ಹಿಡಿಕೆಯ ಬುಡದಲ್ಲಿ ಎರಡು ಸಾಲು ಹೊಲಿಗೆ ಇದೆಯೇ ನೋಡಿಕೊಳ್ಳಿ.

ಜಿಪ್ಪಿಗೂ ಅಳತೆಯ ಸಂಖ್ಯೆ ಇರುತ್ತದೆ, ಹಲವು ಸಲ ರನ್ನರಿನ ಹಿಂದೆಯೇ ಅಚ್ಚಾಗಿರುತ್ತದೆ. ಮುಖ್ಯ ಜಿಪ್ 8 ಅಥವಾ 10 ಇದ್ದರೆ ಒಳ್ಳೆಯದು. 5 ಹೊರಗಿನ ಚಿಕ್ಕ ಜೇಬಿಗೆ ಸಾಕು. ಎಳೆಯುವ ಹಿಡಿಕೆಯನ್ನು ಪೂರ್ತಿ ಎತ್ತಿ ಅಲ್ಲಾಡಿಸಿ. ಖಾಲಿ ಬ್ಯಾಗಿನಲ್ಲಿಯೇ ಗಡಗಡ ಎಂದರೆ ಬಿಟ್ಟುಬಿಡಿ.

ಕೊನೆಗೆ ಒಂದು ಪ್ರಶ್ನೆ: ‘ರಿಪೇರಿಗೆ ಬಂದರೆ ಈ ಊರಿನಲ್ಲಿ ಎಲ್ಲಿ ಕೊಡಬೇಕು?’ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ ಎಂದರೆ ವಿಳಾಸವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ‘ಬೆಂಗಳೂರಿಗೆ ಕಳಿಸಬೇಕು’ ಎಂದರೆ ಸಾಗಣೆಯ ಖರ್ಚು ಯಾರದೆಂದು ಕೇಳಿ. ಗದಗ, ಹಾವೇರಿಯವರು ಈ ಪ್ರಶ್ನೆಯನ್ನು ಬಿಡಲೇಬಾರದು. ಐದು ವರ್ಷದ ವಾರಂಟಿ ಇದ್ದೂ ಬ್ಯಾಗನ್ನು ನಿಮ್ಮದೇ ಖರ್ಚಿನಲ್ಲಿ ಹೋಗಿ ಬರುವಂತೆ ಕಳಿಸಬೇಕಾದರೆ ಆ ಐದು ವರ್ಷಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ವಾರಂಟಿ ಕಾರ್ಡನ್ನು ಅಂಗಡಿಯಲ್ಲಿ ನಿಂತೇ ಓದಿ. ವರ್ಷ ಎಷ್ಟೆಂಬುದು ದೊಡ್ಡ ಅಕ್ಷರದಲ್ಲಿರುತ್ತದೆ, ಗಾಲಿ, ಬೀಗ, ಅಸ್ತರಗಳನ್ನು ಹೊರಗಿಟ್ಟಿರುವ ವಿಷಯ ಸಣ್ಣ ಅಕ್ಷರದಲ್ಲಿರುತ್ತದೆ. ಇಂತಿಷ್ಟು ದಿನದೊಳಗೆ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ಷರತ್ತು ಇದ್ದರೆ ಅಂದೇ ಮಾಡಿ ಮುಗಿಸಿ. ವಿಐಪಿ, ಸ್ಕೈಬ್ಯಾಗ್ಸ್, ಅರಿಸ್ಟೋಕ್ರ್ಯಾಟ್ ಒಂದೇ ಕಂಪನಿಯವು, ಅಮೆರಿಕನ್ ಟೂರಿಸ್ಟರ್ ಸ್ಯಾಮ್ಸೊನೈಟ್ ಬಳಗದ್ದು. ಹಾಗೆಂದು ಒಂದರ ಷರತ್ತು ಇನ್ನೊಂದಕ್ಕೂ ಹೊಂದುತ್ತದೆಂದು ಎಣಿಸಬೇಡಿ. ನಿಮ್ಮ ಕೈಯಲ್ಲಿರುವ ಕಾರ್ಡು ಹೇಳಿದ್ದೇ ಲೆಕ್ಕ.

ಮನೆಗೆ ಬಂದ ದಿನ

ಬಿಲ್ ಥರ್ಮಲ್ ಕಾಗದದ್ದಾದರೆ ನಮ್ಮ ಬೇಸಿಗೆಯ ಕಾವಿಗೆ ಅಕ್ಷರಗಳು ಮಾಸಿಹೋಗುತ್ತವೆ. ಅಂದೇ ಫೋಟೊ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಬಿಲ್ಲಿನಲ್ಲಿ ‘ಬ್ಯಾಗ್-1’ ಎಂದಷ್ಟೇ ಬರೆದಿದ್ದರೆ ಮಾದರಿಯ ಹೆಸರನ್ನೂ ಸಂಖ್ಯೆಯನ್ನೂ ಸೇರಿಸಿಸಿ. ಬಿಲ್ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಬಿಲ್ ಇಲ್ಲದೆ ಇನ್ನೂರು ಕಡಿಮೆ’ ಎಂಬ ಮಾತಿಗೆ ಒಪ್ಪಿದರೆ ಈ ಲೇಖನದ ಉಳಿದ ಭಾಗ ನಿಮಗೆ ಹೆಚ್ಚು ಉಪಯೋಗವಾಗದು.

ಬ್ಯಾಗಿಗೆ ಕಟ್ಟಿರುವ ರಟ್ಟಿನ ಚೀಟಿಯನ್ನು ಹರಿದು ಬಿಸಾಡಬೇಡಿ. ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಫೋನ್ ಮತ್ತು ಇಮೇಲ್ ಇವೆಲ್ಲ ಪೊಟ್ಟಣ ಸರಕುಗಳ 2011ರ ನಿಯಮದಂತೆ ಅದರ ಮೇಲೆ ಇರಬೇಕು. ಮುಂದೆ ನೋಟಿಸು ಕಳಿಸುವಾಗ ವಿಳಾಸ ಹುಡುಕುವ ತೊಂದರೆ ತಪ್ಪುತ್ತದೆ.

ಮದುವೆಯ ಉಡುಗೊರೆಯಾಗಿ ಬಂದ ಬ್ಯಾಗಿನ ಬಿಲ್ ನಿಮ್ಮ ಹೆಸರಿನಲ್ಲಿ ಇರುವುದಿಲ್ಲ. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಸಂಕೋಚ ಬಿಟ್ಟು ಮಾವನವರನ್ನೋ ಅತ್ತಿಗೆಯನ್ನೋ ಕೇಳಿ ಬಿಲ್ ತರಿಸಿಕೊಳ್ಳಿ.

ಇನ್ನು ಬ್ಯಾಗ್ ಇಡುವ ಜಾಗದ ಮಾತು. ಧಾರವಾಡದ ಮಳೆಗಾಲದ ತೇವ, ಅಟ್ಟದ ಮೇಲಿನ ಬೇಸಿಗೆಯ ಕಾವು ಎರಡೂ ಪಾಲಿಯುರೆಥೇನ್ ಎಂಬ ವಸ್ತುವಿಗೆ ಆಗದು. ಗಾಲಿಯ ರಬ್ಬರಿನಂಥ ಹೊದಿಕೆ, ಒಳಗಿನ ಅಂಟುಲೇಪ ಹಲವು ಬ್ಯಾಗುಗಳಲ್ಲಿ ಅದರದ್ದೇ. ಬಳಸದೆ ಇಟ್ಟ ಬ್ಯಾಗಿನ ಗಾಲಿಯೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುವುದು ಇದರಿಂದಲೇ. ಗಾಳಿಯಾಡುವ ಕಡೆ ಇಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಡಿ.

ಮುರಿದ ಕೂಡಲೇ

ಕೈ ಹಚ್ಚಬೇಡಿ. ಪೇಟೆಯ ರಿಪೇರಿಯವರು ರನ್ನರನ್ನು ಹತ್ತು ನಿಮಿಷದಲ್ಲಿ ಸರಿ ಮಾಡಿಕೊಡುತ್ತಾರೆ, ಕೆಲಸವೂ ಚೊಕ್ಕ. ಆದರೆ ಬೇರೆಯವರು ಬಿಚ್ಚಿದ ಬ್ಯಾಗಿಗೆ ವಾರಂಟಿ ಇಲ್ಲವೆಂಬ ಸಾಲು ಬಹುತೇಕ ಎಲ್ಲ ಕಾರ್ಡುಗಳಲ್ಲಿಯೂ ಇರುತ್ತದೆ. ವಾರಂಟಿ ಉಳಿದಿದೆಯೇ ನೋಡಿಕೊಂಡು ಆಮೇಲೆ ಅವರ ಬಳಿ ಹೋಗಿ.

ಫೋಟೊ ತೆಗೆಯಿರಿ: ಇಡೀ ಬ್ಯಾಗು, ಮುರಿದ ಜಾಗ ಹತ್ತಿರದಿಂದ, ಮುರಿದ ಜಾಗದ ಸುತ್ತಲಿನ ಗೆರೆಯಿಲ್ಲದ ಭಾಗ, ಒಳಗಿನ ಮಾದರಿ ಸಂಖ್ಯೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಕಂಪನಿಯ ಬಾಯಿ ಕಟ್ಟುವುದು ಅದೇ. ಬಿಸಾಡಿದಾಗ, ಎತ್ತಿ ಹಾಕಿದಾಗ ಆಗುವ ಒಡಕಿನ ಸುತ್ತ ತಗ್ಗು, ಉಜ್ಜಿದ ಗೆರೆಗಳು ಇರುತ್ತವೆ. ತಯಾರಿಕೆಯ ದೋಷ ಕಾಣಿಸುವ ರೀತಿ ಬೇರೆ. ರಿವೆಟ್ ಹೊಡೆದ ತೂತಿನಿಂದ ಸೀಳು ಹೊರಟಿರುತ್ತದೆ, ಜಿಪ್ಪಿನ ಪಟ್ಟಿ ಹೊಲಿಗೆಯ ಗುಂಟ ಬಿಚ್ಚಿಕೊಂಡಿರುತ್ತದೆ, ಗಾಲಿ ಸವೆಯದೆ ಇದ್ದರೂ ಅದರ ಅಚ್ಚು ತುಂಡಾಗಿರುತ್ತದೆ. ಗಾಲಿಯ ಸುತ್ತು ಸವೆದಿಲ್ಲ ಎಂದು ತೋರಿಸುವ ಒಂದು ಫೋಟೊ ಎರಡು ಪುಟದ ಪತ್ರಕ್ಕಿಂತ ಮೇಲು.

ವಿಮಾನದಲ್ಲಿ ಮುರಿದಿದ್ದರೆ ದಾರಿಯೇ ಬೇರೆ. ಅದು ವಿಮಾನ ಕಂಪನಿಯ ಹೊಣೆ, ಬ್ಯಾಗ್ ಕಂಪನಿಯದ್ದಲ್ಲ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿದಾಗ ಬ್ಯಾಗ್ ಕೈಗೆ ಬಂದ ಜಾಗದಲ್ಲಿಯೇ ನೋಡಿ, ಹೊರಗೆ ಹೋಗುವ ಮೊದಲು ಹಾನಿಯ ವರದಿ ಬರೆಸಿ ಪ್ರತಿ ಪಡೆಯಿರಿ. ಬ್ಯಾಗಿನ ಚೀಟಿ ಮತ್ತು ಬೋರ್ಡಿಂಗ್ ಪಾಸನ್ನು ಜೋಪಾನ ಮಾಡಿ. ಲಿಖಿತ ದೂರಿಗೆ ಏಳು ದಿನದ ಗಡುವು. ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗೇಜಿಗೆ ಸಿಗುವ ಪರಿಹಾರದ ಮಿತಿ ಒಬ್ಬ ಪ್ರಯಾಣಿಕರಿಗೆ 20,000 ರೂಪಾಯಿ. ರೈಲಿನಲ್ಲಿ ನೀವೇ ಜೊತೆಗೆ ಒಯ್ಯುವ ಸಾಮಾನಿಗೆ ರೈಲ್ವೆಯ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಾಗುತ್ತದೆ, ಆ ಕಡೆ ಆಸೆ ಕಡಿಮೆ ಇರಲಿ. ವಿಮಾನದಲ್ಲಿ ಮುರಿದದ್ದನ್ನು ತಯಾರಿಕೆಯ ದೋಷವೆಂದು ಕಂಪನಿಗೆ ಕಳಿಸುವ ಜಾಣತನ ಮಾಡಬೇಡಿ. ಅವರು ತಿರಸ್ಕರಿಸುವ ಹೊತ್ತಿಗೆ ಏಳು ದಿನ ಕಳೆದು ಎರಡೂ ಬಾಗಿಲು ಮುಚ್ಚಿರುತ್ತವೆ.

ಮೊದಲ ಪತ್ರ

ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಫೋನ್ ಮಾಡಿದರೂ ಅದೇ ದಿನ ಇಮೇಲ್ ಬರೆದು ಅಂಗಡಿಗೂ ಒಂದು ಪ್ರತಿ ಕಳಿಸಿ. ಕಂಪನಿಯ ಕಚೇರಿ ಹೊರ ರಾಜ್ಯದಲ್ಲಿದ್ದರೆ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆಸುವುದು ಕೆಲಸ ಬೇಗ ಆಗಲಿ ಎಂಬ ಕಾರಣಕ್ಕೆ. ಸಿಟ್ಟು, ಶಾಪ, ‘ಇನ್ನು ಮುಂದೆ ನಿಮ್ಮ ಮಾಲು ಕೊಳ್ಳುವುದಿಲ್ಲ’ ಎಂಬ ಪ್ರತಿಜ್ಞೆ ಯಾವುದೂ ಬೇಡ. ಇಷ್ಟು ಸಾಕು:

‘(ದಿನಾಂಕ) ರಂದು ಹುಬ್ಬಳ್ಳಿಯ (ಅಂಗಡಿ) ಯಲ್ಲಿ ನಿಮ್ಮ (ಮಾದರಿ, ಸಂಖ್ಯೆ) ಬ್ಯಾಗನ್ನು (ಬೆಲೆ) ರೂಪಾಯಿಗೆ ಕೊಂಡಿದ್ದೇನೆ. ವಾರಂಟಿ (ದಿನಾಂಕ) ರವರೆಗೆ ಇದೆ. (ದಿನಾಂಕ) ರಂದು ಎಡಗಡೆಯ ಹಿಂದಿನ ಗಾಲಿಯ ಅಚ್ಚು ತುಂಡಾಗಿದೆ. ಗಾಲಿಯ ಸುತ್ತು ಸವೆದಿಲ್ಲ, ಕವಚದ ಮೇಲೆ ಪೆಟ್ಟಿನ ಗುರುತಿಲ್ಲ. ಫೋಟೊ ಮತ್ತು ಬಿಲ್ ಲಗತ್ತಿಸಿದ್ದೇನೆ. ಇದು ತಯಾರಿಕೆಯ ದೋಷವಾದ್ದರಿಂದ ವಾರಂಟಿಯ ಪ್ರಕಾರ ಉಚಿತವಾಗಿ ದುರಸ್ತಿ ಮಾಡಿಕೊಡಿ, ಆಗದಿದ್ದರೆ ಬದಲಿ ಬ್ಯಾಗ್ ಕೊಡಿ. ದೂರಿನ ಸಂಖ್ಯೆಯನ್ನು ತಿಳಿಸಿ.’

ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿರುವ ಅಂಗಡಿಗಳಿಗೂ ಕಾಯ್ದೆಯಲ್ಲಿ ಉತ್ತರವಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸು ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಬ್ಯಾಗ್ ಮೊದಲ ತಿಂಗಳಲ್ಲಿಯೇ ಕೈಕೊಟ್ಟರೆ ಕಂಪನಿಗಿಂತ ಮೊದಲು ಅಂಗಡಿಯವರನ್ನು ಹಿಡಿಯಿರಿ.

ಬ್ಯಾಗನ್ನು ಸೇವಾ ಕೇಂದ್ರಕ್ಕೆ ಕೊಡುವಾಗ ಜಾಬ್ ಕಾರ್ಡ್ (ರಿಪೇರಿಗೆ ತೆಗೆದುಕೊಂಡಿದ್ದಕ್ಕೆ ಅವರು ಬರೆದುಕೊಡುವ ಚೀಟಿ) ಇಲ್ಲದೆ ಕೈಬಿಡಬೇಡಿ. ಅದರಲ್ಲಿ ‘ಗಾಲಿ ಮುರಿದಿದೆ’ ಎಂಬುದರ ಜೊತೆಗೆ ‘ಉಳಿದ ಭಾಗ ಚೆನ್ನಾಗಿದೆ’ ಎಂದೂ ಬರೆಸಿ. ಕೌಂಟರಿನ ಮೇಲೆ ಇಟ್ಟು ಅವರೆದುರೇ ಒಂದು ಫೋಟೊ ತೆಗೆಯಿರಿ. ಒಂದು ಗಾಲಿಗೆಂದು ಕೊಟ್ಟ ಬ್ಯಾಗು ಸೀಳಿದ ಕವಚದೊಂದಿಗೆ ವಾಪಸಾದರೆ ಆಗ ಯಾರನ್ನು ಕೇಳುತ್ತೀರಿ?

‘ಸಹಜ ಸವೆತ’ ಎಂಬ ಉತ್ತರ ಬಂದರೆ

ಈ ಘಟ್ಟದಲ್ಲಿ ಸ್ವಲ್ಪ ಹಟ ಬೇಕು. ಮೊದಲ ತಿರಸ್ಕಾರವನ್ನು ಹೆಚ್ಚಾಗಿ ಬ್ಯಾಗನ್ನು ಕಣ್ಣಿನಿಂದ ನೋಡದವರು, ಸಿದ್ಧ ವಾಕ್ಯಗಳಿಂದ ಆರಿಸಿ ಕಳಿಸಿರುತ್ತಾರೆ. ಅದಕ್ಕೆ ಮೂರು ಪ್ರಶ್ನೆಗಳ ಮರುಪತ್ರ ಬರೆಯಿರಿ. ಬ್ಯಾಗನ್ನು ಪರಿಶೀಲಿಸಿದವರು ಯಾರು, ಯಾವಾಗ? ವಾರಂಟಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೀರಿ? ಗಾಲಿಯ ಸುತ್ತು ಸವೆಯದೆ ಅಚ್ಚು ಮಾತ್ರ ಸವೆತದಿಂದ ತುಂಡಾಗುವುದು ಹೇಗೆ? ಪರಿಶೀಲನಾ ವರದಿಯ ಪ್ರತಿಯನ್ನೂ ಕೇಳಿ. ಇವಕ್ಕೆ ಉತ್ತರಿಸಲು ಯಾರಾದರೂ ಬ್ಯಾಗನ್ನು ನಿಜವಾಗಿ ನೋಡಲೇಬೇಕು. ಹಲವು ದೂರುಗಳು ಇಲ್ಲಿಗೇ ಇತ್ಯರ್ಥವಾಗುತ್ತವೆ.

‘ಹೆಚ್ಚು ಭಾರ ಹಾಕಿದ್ದೀರಿ’ ಎಂದರೆ ಬ್ಯಾಗಿನ ಮೇಲೆ ಅಥವಾ ಕಾರ್ಡಿನಲ್ಲಿ ತೂಕದ ಮಿತಿ ಎಲ್ಲಿ ಬರೆದಿದೆ ಎಂದು ಕೇಳಿ. ಬರೆದಿದ್ದರೆ, ನೀವು ರೊಟ್ಟಿ ತುಪ್ಪದಿಂದ ಅದನ್ನು ಮೀರಿದ್ದರೆ, ವಾದ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಇಪ್ಪತ್ತು ಮೂವತ್ತು ಕಿಲೋ ಅಳೆಯುವ ಕೊಕ್ಕೆಯ ತಕ್ಕಡಿ ಇರಲಿ.

‘ಆ ಮಾದರಿ ಈಗ ಬರುತ್ತಿಲ್ಲ, ಹೊಸ ಬ್ಯಾಗಿನ ಮೇಲೆ ರಿಯಾಯಿತಿ ಕೊಡುತ್ತೇವೆ’ ಎಂಬುದು ಇನ್ನೊಂದು ಉತ್ತರ. ರಿಯಾಯಿತಿಯನ್ನು ಅವರು ಹಬ್ಬಕ್ಕೆ ಎಲ್ಲರಿಗೂ ಕೊಡುತ್ತಾರೆ, ಅದು ವಾರಂಟಿಯ ಪರಿಹಾರವಾಗದು. ಅದೇ ಬೆಲೆಯ ಬೇರೆ ಮಾದರಿ ಅಥವಾ ಹಣ ವಾಪಸು ಎಂದು ಪಟ್ಟು ಹಿಡಿಯಿರಿ.

1915

ಕಂಪನಿ ಎರಡನೆಯ ಪತ್ರಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತನಾಡಬಹುದು. ಜಾಲತಾಣ ಮತ್ತು ಮೊಬೈಲ್ ಆ್ಯಪ್ ಮೂಲಕವೂ ದೂರು ಕೊಡಬಹುದು. ಅವರು ಕೊಡುವ ಡಾಕೆಟ್ ಸಂಖ್ಯೆಯನ್ನು, ಅಂದರೆ ದೂರಿನ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ. ಸಹಾಯವಾಣಿ ನ್ಯಾಯಾಲಯವಲ್ಲ, ಯಾರಿಗೂ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೆ ದೂರು ಕಂಪನಿಯೊಳಗೆ ಸಾಮಾನ್ಯ ಗ್ರಾಹಕ ಸೇವೆಯ ಮೇಜನ್ನು ದಾಟಿ ಮೇಲಿನವರಿಗೆ ಹೋಗುತ್ತದೆ. ಎರಡು ಸಾವಿರದೊಳಗಿನ ಬ್ಯಾಗಾದರೆ ಇದರಾಚೆಗೆ ಹೋಗಬೇಕೇ ಎಂದು ಯೋಚಿಸಿ. ಓಡಾಟದ ದಿನಗಳ ಕೂಲಿ ಲೆಕ್ಕ ಹಾಕಿದರೆ ಹಳೆಯ ಪೇಟೆಯ ರಿಪೇರಿಯೇ ಅಗ್ಗವಾಗಬಹುದು.

ನೋಟಿಸು, ಆಮೇಲೆ ಆಯೋಗ

ದುಬಾರಿ ಬ್ಯಾಗಾದರೆ ಮುಂದುವರಿಯಿರಿ. ಮೊದಲು ಕಂಪನಿಗೂ ಅಂಗಡಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, 15 ದಿನ ಗಡುವು ಕೊಡಿ. ವಕೀಲರಿಂದಲೇ ಬರೆಸಬೇಕೆಂಬ ನಿಯಮವಿಲ್ಲ. ನಡೆದದ್ದನ್ನು ದಿನಾಂಕವಾರು ಬರೆದು, ಪತ್ರಗಳ ಪ್ರತಿ ಲಗತ್ತಿಸಿ, ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆಂದು ತಿಳಿಸಿದರೆ ಸಾಕು. ಅಂಚೆ ರಸೀದಿ ಮತ್ತು ತಲುಪಿದ್ದರ ಪುರಾವೆ ಎತ್ತಿಡಿ.

ಕಂಪನಿ ಮುಂಬೈಯದ್ದಾದರೂ ನೀವು ಮುಂಬೈಗೆ ಹೋಗಬೇಕಿಲ್ಲ. 2019ರ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಹುಬ್ಬಳ್ಳಿಯವರಿಗೆ ಧಾರವಾಡ ಜಿಲ್ಲಾ ಆಯೋಗ, ಗದಗ ಮತ್ತು ಹಾವೇರಿಯವರಿಗೆ ಅವರವರ ಜಿಲ್ಲೆಯ ಆಯೋಗ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅಂದರೆ ಯಾವ ಬ್ಯಾಗಿಗೂ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದಾಖಲಿಸಬೇಕು. ಪತ್ರ ವ್ಯವಹಾರದಲ್ಲಿಯೇ ಆ ಅವಧಿ ಕಳೆದುಹೋಗದಂತೆ ನೋಡಿಕೊಳ್ಳಿ. ವಕೀಲರಿಲ್ಲದೆ ನೀವೇ ವಾದಿಸಬಹುದು. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆಯೂ ಇದೆ.

ದೂರಿನಲ್ಲಿ ತಯಾರಕರನ್ನೂ ಅಂಗಡಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಬಿಲ್, ಕಾರ್ಡು, ಫೋಟೊ, ಇಮೇಲುಗಳು, ಜಾಬ್ ಕಾರ್ಡ್, 1915ರ ಡಾಕೆಟ್ ಸಂಖ್ಯೆ, ನೋಟಿಸು ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಕೊಡಿ. ಅನುಭವಿ ಬ್ಯಾಗ್ ರಿಪೇರಿಯವರಿಂದ ‘ಅಚ್ಚಿನ ಲೋಹ ತೆಳುವಾಗಿದ್ದರಿಂದ ತುಂಡಾಗಿದೆ’ ಎಂಬಂತೆ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಂಡರೆ ದೂರಿಗೆ ಬಲ ಬರುತ್ತದೆ. ಮುರಿದ ಬ್ಯಾಗನ್ನು ತೀರ್ಪು ಬರುವವರೆಗೆ ಬಿಸಾಡಬೇಡಿ, ಮನೆಯವರು ಎಷ್ಟೇ ಗೊಣಗಲಿ.

ಆಯೋಗದ ನೋಟಿಸು ತಲುಪಿದ ಮೇಲೆ ಉತ್ತರ ಕೊಡಲು ಎದುರುದಾರರಿಗೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಆ 45 ದಿನ ಮೀರಿ ಅವಕಾಶ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತಡವಾಗುವುದುಂಟು, ತಾಳ್ಮೆ ಇಟ್ಟುಕೊಳ್ಳಿ. ದೋಷ ನಿವಾರಣೆ, ಬದಲಿ ವಸ್ತು, ಹಣ ವಾಪಸು, ಜೊತೆಗೆ ಪರಿಹಾರ ಮತ್ತು ವ್ಯಾಜ್ಯದ ಖರ್ಚು ಇವಿಷ್ಟನ್ನೂ ಕೇಳಬಹುದು. ಮಾನಸಿಕ ಹಿಂಸೆಗೆಂದು ಐದು ಲಕ್ಷ ಕೇಳುವವರಿದ್ದಾರೆ. ನಾಲ್ಕು ಸಾವಿರದ ಬ್ಯಾಗಿಗೆ ಅಷ್ಟು ಕೇಳಿದರೆ ನಿಮ್ಮ ನ್ಯಾಯವಾದ ಬೇಡಿಕೆಯೂ ಹಗುರವಾಗಿ ಕಾಣುತ್ತದೆ.

ನೋಟಿಸು ಕೈಸೇರಿದ ಮೇಲೆ ಕಂಪನಿಯೇ ರಾಜಿಗೆ ಬರುವುದುಂಟು. ಬರಲಿ. ಆದರೆ ‘ಎಲ್ಲ ಬೇಡಿಕೆ ತೀರಿದೆ’ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಬದಲಿ ಬ್ಯಾಗನ್ನು ತೆರೆಸಿ ಗಾಲಿ, ಜಿಪ್, ಹಿಡಿಕೆ ಪರೀಕ್ಷಿಸಿ. ಹೊಸ ಬ್ಯಾಗಿನ ವಾರಂಟಿ ಇಂದಿನಿಂದ ಶುರುವೋ ಹಳೆಯದರ ಉಳಿಕೆ ಮಾತ್ರವೋ ಎಂಬುದನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ.